ಮಗುವಿನ ನೋಟ್‌ಬುಕ್ಕನ್ನು ನಡುವಿಟ್ಟುಕೊಂಡ ಮಾತುಕತೆ: ಶಿಕ್ಷಕರ ಸಹಯೋಗ ಮತ್ತು ಮಕ್ಕಳ ಕಲಿಕೆ

ಎಲ್ಲ ಶಿಕ್ಷಕ ಬಂಧುಗಳಿಗೆ, ಮುಖ್ಯ ಶಿಕ್ಷಕರಿಗೆ, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ನಮಸ್ಕಾರಗಳು.

ಶಿಕ್ಷಕರು ಒಟ್ಟಾಗಿ ಕೆಲಸ ಮಾಡಿದರೆ ಮಕ್ಕಳ ಕಲಿಕೆ ಸುಧಾರಿಸುತ್ತದೆಯೇ ಎಂಬುದು ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ. ಕೇಳಿದ ಕೂಡಲೇ ಹೌದು ಎಂದುಬಿಡುವಂಥ ಪ್ರಶ್ನೆ ಇದು. ಆದರೆ ನಮ್ಮ ಶಾಲೆಗಳಲ್ಲಿ ಸಭೆಗಳಿಗೆ ಎಂದೂ ಬರವಿರಲಿಲ್ಲ. ಶಾಲಾ ಮಟ್ಟದ ಸಭೆ, ಸುತ್ತಲಿನ ಶಾಲೆಗಳೆಲ್ಲ ಸೇರುವ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆ, ತಾಲ್ಲೂಕು ಮಟ್ಟದ ತರಬೇತಿ, ಜೊತೆಗೆ ದಿನವಿಡೀ ಸದ್ದು ಮಾಡುವ ವಾಟ್ಸ್‌ಆಪ್ ಗುಂಪುಗಳು. ಇಷ್ಟೆಲ್ಲ ಸೇರುವಿಕೆ ಇದ್ದರೂ ನಾಲ್ಕನೆಯ ತರಗತಿಯಲ್ಲಿ ಕಳೆಯುವ ಲೆಕ್ಕ ಬಾರದ ಮಗು ಐದನೆಯ ತರಗತಿಗೆ ಹೋದಾಗಲೂ ಹಾಗೆಯೇ ಉಳಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ಶಿಕ್ಷಕರು ಸೇರುತ್ತಾರೆಯೇ ಎಂದು ಕೇಳುವುದಕ್ಕಿಂತ, ಸೇರಿದಾಗ ಅವರ ನಡುವೆ ಏನಿರುತ್ತದೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಶಿಕ್ಷಕರ ಮಾತುಕತೆಯ ನಡುವೆ ಒಂದು ನಿರ್ದಿಷ್ಟ ಪಾಠವೋ ಒಂದು ಮಗು ತನ್ನ ಕೈಯಿಂದ ಬರೆದದ್ದೋ ಇದ್ದರೆ ಆ ಸಹಯೋಗ ಮಗುವನ್ನು ತಲುಪುತ್ತದೆ, ಇಲ್ಲದಿದ್ದರೆ ಶಿಕ್ಷಕರ ಕೊಠಡಿಯಲ್ಲೇ ಮುಗಿದುಹೋಗುತ್ತದೆ ಎಂಬುದು ನನ್ನ ನಿಲುವು. ಅದಕ್ಕೆ ಕಾರಣಗಳನ್ನು ನಿಮ್ಮ ಮುಂದಿಡುತ್ತೇನೆ.

ಎಲ್ಲರಿಗೂ ಗೊತ್ತಿರುವ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. 52ರಲ್ಲಿ 27 ಕಳೆಯಬೇಕು. ಮಗು 35 ಎಂದು ಬರೆದಿದೆ. ಬಿಡಿಸ್ಥಾನದಲ್ಲಿ 2ರಿಂದ 7 ಹೋಗುವುದಿಲ್ಲವಾದ್ದರಿಂದ 7ರಿಂದ 2 ಕಳೆದು 5 ಬರೆದಿದೆ, ಹತ್ತರ ಸ್ಥಾನದಲ್ಲಿ 5ರಿಂದ 2 ಕಳೆದು 3 ಬರೆದಿದೆ. ನಾಲ್ಕನೆಯ ತರಗತಿಯ ಶಿಕ್ಷಕಿ ಒಬ್ಬರೇ ಇದ್ದಾಗ ಮಾಡಬಹುದಾದದ್ದು ಇಷ್ಟು: ತಪ್ಪು ಗುರುತು ಹಾಕುವುದು, ಸರಿಯಾದ ಕ್ರಮವನ್ನು ಕಪ್ಪುಹಲಗೆಯ ಮೇಲೆ ಇನ್ನೊಮ್ಮೆ ತೋರಿಸುವುದು, ಮನೆಗೆಲಸಕ್ಕೆ ಹತ್ತು ಲೆಕ್ಕ ಕೊಡುವುದು. ಮರುದಿನ ಆ ಹತ್ತರಲ್ಲೂ ಇದೇ ತಪ್ಪು ಮರಳಿ ಬರುವ ಸಂಭವ ಹೆಚ್ಚು, ಏಕೆಂದರೆ ಮಗುವಿನ ಮಟ್ಟಿಗೆ ಇದು ಎಡವಿದ್ದಲ್ಲ, ಅದು ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದೆ.

ಈಗ ಅದೇ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಒಂದರಿಂದ ಐದನೆಯ ತರಗತಿಯವರೆಗಿನ ಶಿಕ್ಷಕರೆಲ್ಲ ಸುತ್ತ ಕುಳಿತಿದ್ದಾರೆ ಎಂದುಕೊಳ್ಳಿ. ಒಂದನೆಯ ತರಗತಿಯವರು, "ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ನಾನೇ ಹೇಳಿಕೊಡುತ್ತೇನೆ ಮೇಡಂ, ಆ ವಯಸ್ಸಿಗೆ ಬೇರೆ ಹೇಗೆ ಹೇಳುವುದು?" ಎನ್ನಬಹುದು. ಎರಡನೆಯ ತರಗತಿಯವರು ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಕಟ್ಟಿಸಿ, ಕಟ್ಟು ಬಿಚ್ಚಿಸಿ ದಶಕ ಸಹಿತ ವ್ಯವಕಲನವನ್ನು ಕಲಿಸಿರುತ್ತಾರೆ. ಮೂರನೆಯ ತರಗತಿಯಲ್ಲಿ ಕಟ್ಟುಗಳು ಬೀರು ಸೇರಿ, ಪಕ್ಕದ ಮನೆಯಿಂದ ಸಾಲ ತರುವ ಕಥೆ ಬಂದಿರುತ್ತದೆ. ಐದನೆಯ ತರಗತಿಯವರು, ದಶಮಾಂಶದಲ್ಲಿ 0.35 ದೊಡ್ಡದೋ 0.5 ದೊಡ್ಡದೋ ಎಂದು ಕೇಳಿದರೆ 0.35 ಎಂದು ಹೇಳುವ ಮಕ್ಕಳಲ್ಲಿ ಹೀಗೆ ಕಳೆಯುವವರೂ ಇದ್ದಾರೆ ಎಂದು ನೆನಪಿಸಿಕೊಳ್ಳಬಹುದು. ಒಬ್ಬೊಬ್ಬರದೂ ತಮ್ಮ ತರಗತಿಯ ಮಟ್ಟಿಗೆ ಸಮಂಜಸವಾದ ಬೋಧನೆಯೇ. ಆದರೆ ಮಗು ಒಂದರಿಂದ ನಾಲ್ಕನೆಯ ತರಗತಿಯವರೆಗಿನ ನಾಲ್ವರ ಕೈಯಲ್ಲೂ ಹಾದು ಬಂದಿದೆ, ನಾಲ್ವರ ಮಾತುಗಳನ್ನೂ ಒಂದರ ಮೇಲೊಂದು ಪೇರಿಸಿಕೊಂಡಿದೆ, ಅವುಗಳ ನಡುವಿನ ಬಿರುಕು ಅದರ ನೋಟ್‌ಬುಕ್ಕಿನಲ್ಲಿ ಮಾತ್ರ ಕಾಣಿಸುತ್ತಿದೆ.

ಸಹಯೋಗವು ಕಲಿಕೆಯನ್ನು ಮುಟ್ಟುವ ಮುಖ್ಯ ದಾರಿ ಇದೇ ಎಂದು ನಾನು ತಿಳಿದಿದ್ದೇನೆ. ಮಗುವಿನ ತಪ್ಪು ಕಾಣಿಸಿಕೊಳ್ಳುವ ತರಗತಿ ಒಂದು, ಅದರ ಬೇರು ಇರುವ ತರಗತಿ ಇನ್ನೊಂದು. ತಪ್ಪನ್ನು ಕಂಡವರು ಮತ್ತು ಬೇರನ್ನು ಬಲ್ಲವರು ಮಾತನಾಡದೆ ಹೋದರೆ ಎಷ್ಟೇ ಶ್ರದ್ಧೆಯುಳ್ಳ ಶಿಕ್ಷಕರಾದರೂ ಅರ್ಧ ಮಾಹಿತಿಯಿಂದಲೇ ಪಾಠ ಮಾಡಬೇಕಾಗುತ್ತದೆ. ಭಾಷೆಯ ವಿಷಯದಲ್ಲೂ ಹೀಗೆಯೇ. ಮೈಸೂರು, ಮಂಡ್ಯದ ಕಡೆಯ ಅನೇಕ ಮಕ್ಕಳು ಮನೆಯ ಮಾತಿಗೆ ಅನುಗುಣವಾಗಿ 'ಹಾಲು' ಎನ್ನುವುದನ್ನು 'ಆಲು' ಎಂದು ಬರೆಯುತ್ತಾರೆ. ಕನ್ನಡದ ಅವಧಿಯಲ್ಲಿ ಅದನ್ನು ತಿದ್ದಿ, ಪರಿಸರ ಅಧ್ಯಯನದ ಅವಧಿಯಲ್ಲಿ ಯಾರೂ ಗಮನಿಸದಿದ್ದರೆ, ಹಕಾರವು ಕನ್ನಡ ಮೇಷ್ಟರ ಹಟವೇ ಹೊರತು ಬರಹದ ನಿಯಮವಲ್ಲ ಎಂದು ಮಗು ತೀರ್ಮಾನಿಸುತ್ತದೆ. ಮಗುವಿನ ಮನೆಮಾತನ್ನು ಅವಮಾನಿಸದೆ ಬರಹದ ರೂಪವನ್ನು ಕಲಿಸುವುದು ಹೇಗೆ ಎಂಬುದನ್ನಂತೂ ಎಲ್ಲ ವಿಷಯಗಳ ಶಿಕ್ಷಕರೂ ಕೂಡಿ ಮಾತನಾಡದೆ ತೀರ್ಮಾನಿಸುವಂತಿಲ್ಲ.

ಇನ್ನು ಸಂಶೋಧನೆಗಳು ಏನು ಹೇಳುತ್ತವೆ ಎಂಬುದಕ್ಕೆ ಬರುತ್ತೇನೆ. ಇಲ್ಲಿ ಎಚ್ಚರ ಬೇಕು. ಚೆನ್ನಾಗಿ ನಡೆಯುವ ಶಾಲೆಯಲ್ಲಿ ಶಿಕ್ಷಕರ ಒಗ್ಗಟ್ಟೂ ಇರುತ್ತದೆ, ಫಲಿತಾಂಶವೂ ಇರುತ್ತದೆ. ಯಾವುದರಿಂದ ಯಾವುದು ಬಂತು ಎಂದು ಹೇಳುವುದು ಸುಲಭವಲ್ಲ. 2007ರಲ್ಲಿ ಗೊಡಾರ್ಡ್ ದಂಪತಿ ಮತ್ತು ಚಾನೆನ್-ಮೊರಾನ್ ಅಮೆರಿಕದ ಒಂದು ದೊಡ್ಡ ಶಾಲಾ ಜಿಲ್ಲೆಯ 47 ಪ್ರಾಥಮಿಕ ಶಾಲೆಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಹೆಚ್ಚು ಸಹಕರಿಸುವ ಶಾಲೆಗಳಲ್ಲಿ ನಾಲ್ಕನೆಯ ತರಗತಿಯ ಮಕ್ಕಳ ಗಣಿತ ಮತ್ತು ಓದಿನ ಸಾಧನೆ ಹೆಚ್ಚಿತ್ತು ಎಂದು ತೋರಿಸಿದರು. ಇದು ಸಂಬಂಧವನ್ನು ತೋರಿಸಿತೇ ಹೊರತು ಕಾರಣವನ್ನಲ್ಲ. ಎರಡು ವರ್ಷಗಳ ಬಳಿಕ ಕಿರಾಬೊ ಜಾಕ್ಸನ್ ಮತ್ತು ಎಲಿಯಾಸ್ ಬ್ರೂಗ್‌ಮನ್ ಉತ್ತರ ಕ್ಯಾರೊಲಿನಾ ರಾಜ್ಯದ ಪ್ರಾಥಮಿಕ ಶಾಲೆಗಳ ಹಲವು ವರ್ಷಗಳ ದಾಖಲೆಗಳನ್ನು ಬಳಸಿ ಇನ್ನೂ ಸೂಕ್ಷ್ಮವಾದ ಪ್ರಶ್ನೆ ಕೇಳಿದರು. ಒಬ್ಬ ಶಿಕ್ಷಕರು ಅದೇ ಶಾಲೆಯಲ್ಲಿ ಇರುವಾಗ ಅವರ ಸಹೋದ್ಯೋಗಿಗಳು ಬದಲಾಗಿ ಹೆಚ್ಚು ಸಮರ್ಥರು ಬಂದರೆ, ಇವರ ತರಗತಿಯ ಮಕ್ಕಳಿಗೆ ಏನಾಗುತ್ತದೆ? ಆ ಮಕ್ಕಳ ಗಣಿತ ಮತ್ತು ಓದು ಎರಡೂ ಸುಧಾರಿಸುತ್ತವೆ ಎಂದು ಕಂಡುಬಂತು. ಲಾಭ ಹೆಚ್ಚಾಗಿ ಕಂಡದ್ದು ಹೊಸ ಶಿಕ್ಷಕರ ತರಗತಿಗಳಲ್ಲಿ. ಅದು ಕಾಲ ಕಳೆದರೂ ಉಳಿದುಕೊಂಡಿತ್ತು. ಪಕ್ಕದ ಕೊಠಡಿಯ ಒಳ್ಳೆಯ ಶಿಕ್ಷಕಿ ತಾವು ಎಂದೂ ಪಾಠ ಮಾಡದ ಮಕ್ಕಳಿಗೂ ಕಲಿಸುತ್ತಿರುತ್ತಾರೆ ಎಂಬುದು ಈ ಅಧ್ಯಯನದಿಂದ ಹೊರಡುವ ಮಾತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸಿದ್ದು ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ನಡೆದ ಒಂದು ಪ್ರಯೋಗ. ಜಾನ್ ಪಪೇ, ಎರಿಕ್ ಟೇಲರ್ ಮತ್ತು ಅವರ ಸಂಗಡಿಗರು 2020ರಲ್ಲಿ ಇದರ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಶಾಲೆಯ ಇಬ್ಬರು ಶಿಕ್ಷಕರನ್ನು ಜೋಡಿ ಮಾಡಲಾಯಿತು. ಒಬ್ಬರಿಗೆ ಬೋಧನೆಯ ಯಾವ ಅಂಶಗಳು ಕಷ್ಟವೋ ಅವೇ ಅಂಶಗಳಲ್ಲಿ ಇನ್ನೊಬ್ಬರು ಬಲಶಾಲಿಗಳಾಗಿದ್ದರು. ಪರಸ್ಪರ ತರಗತಿ ನೋಡಿ, ಆ ಅಂಶಗಳನ್ನೇ ಹಿಡಿದು ಕೆಲಸ ಮಾಡಿ ಎಂದು ಅವರನ್ನು ಕೇಳಲಾಯಿತು. ಹೊರಗಿನ ತಜ್ಞರನ್ನು ಕರೆಸಿ ಉಪನ್ಯಾಸ ಮಾಡಿಸಲಿಲ್ಲ. ನೆರವು ಪಡೆದ ಶಿಕ್ಷಕರ ವಿದ್ಯಾರ್ಥಿಗಳ ಅಂಕಗಳು ಹೋಲಿಕೆಯ ತರಗತಿಗಳಿಗಿಂತ 0.12 ಪ್ರಮಾಣ ವಿಚಲನೆಯಷ್ಟು (ಅಂಕಗಳು ಎಷ್ಟು ಹರಡಿಕೊಂಡಿವೆ ಎಂಬುದರ ಅಳತೆ ಇದು) ಮೇಲಿದ್ದವು, ಮತ್ತು ಈ ಸುಧಾರಣೆ ಮುಂದಿನ ವರ್ಷವೂ ಉಳಿಯಿತು. ಅಂಕಿ ಚಿಕ್ಕದಾಗಿ ಕಾಣಬಹುದು. ಆದರೆ ಅಷ್ಟು ಕಡಿಮೆ ಖರ್ಚಿನಲ್ಲಿ, ಶಾಲೆಯಲ್ಲಿ ಈಗಾಗಲೇ ಇರುವ ಜನರಿಂದಲೇ ಸಿಕ್ಕ ಲಾಭ ಇದು ಎಂಬುದನ್ನು ಮರೆಯಬಾರದು. ಇಲ್ಲಿ ಗಮನಿಸಬೇಕಾದದ್ದು ವಿಷಯದ ನಿರ್ದಿಷ್ಟತೆಯನ್ನು. ಸುಮ್ಮನೆ ಒಟ್ಟಿಗೆ ಕೂಡಿ ಎಂದು ಅವರಿಗೆ ಹೇಳಿರಲಿಲ್ಲ. ಯಾವುದರ ಬಗ್ಗೆ ಎಂದೂ ಹೇಳಲಾಗಿತ್ತು. ಮಯಾಮಿ-ಡೇಡ್ ಕೌಂಟಿಯ 336 ಶಾಲೆಗಳ 9,000ಕ್ಕೂ ಹೆಚ್ಚು ಶಿಕ್ಷಕರನ್ನು ಒಳಗೊಂಡ, 2015ರಲ್ಲಿ ಪ್ರಕಟವಾದ ಮ್ಯಾಥ್ಯೂ ರಾನ್‌ಫೆಲ್ಟ್ ತಂಡದ ಅಧ್ಯಯನವೂ ಸಹಯೋಗದ ಗುಣಮಟ್ಟ ಉತ್ತಮವಾಗಿರುವಲ್ಲಿ ಮಕ್ಕಳ ಪ್ರಗತಿ ಹೆಚ್ಚು ಎಂದಿತು. ಮಕ್ಕಳ ಮೌಲ್ಯಮಾಪನದ ಸುತ್ತ ನಡೆಯುವ ಸಹಯೋಗಕ್ಕೆ ಅದರಲ್ಲಿ ವಿಶೇಷ ಮಹತ್ವ ಕಂಡುಬಂತು. ನಮ್ಮ ಎಫ್‌ಎ, ಎಸ್‌ಎ (ರೂಪಣಾತ್ಮಕ, ಸಂಕಲನಾತ್ಮಕ ಮೌಲ್ಯಮಾಪನ) ಉತ್ತರ ಪತ್ರಿಕೆಗಳು ಅಂಕಗಳ ನಮೂದು ಮುಗಿದ ಮೇಲೆ ಕಟ್ಟು ಕಟ್ಟಿಸಿಕೊಂಡು ಮೂಲೆ ಸೇರುವುದನ್ನು ನೋಡಿದಾಗ ನನಗೆ ಈ ಅಧ್ಯಯನ ನೆನಪಾಗುತ್ತದೆ.

ಶಿಕ್ಷಕರು ಒಂಟಿಯಾಗಿರುವುದು ಅವರ ಸ್ವಭಾವದ ದೋಷವಲ್ಲ ಎಂಬುದನ್ನೂ ಹೇಳಬೇಕು. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲೇ ಶಾಲೆಯ ರಚನೆಯನ್ನು ಮೊಟ್ಟೆ ಜೋಡಿಸುವ ಟ್ರೇಗೆ ಹೋಲಿಸಿದ್ದರು. ಒಂದು ಗುಣಿಗೆ ಒಂದು ಮೊಟ್ಟೆ, ಒಂದಕ್ಕೊಂದು ತಾಗದಂತೆ. ಕಟ್ಟಡ, ವೇಳಾಪಟ್ಟಿ, ಹಾಜರಿ ಪುಸ್ತಕ, ಫಲಿತಾಂಶದ ಹೊಣೆ ಎಲ್ಲವೂ 'ನನ್ನ ತರಗತಿ' ಎಂಬ ಎಣಿಕೆಯಲ್ಲೇ ನಡೆಯುವಾಗ, ಬಾಗಿಲು ಮುಚ್ಚಿಕೊಳ್ಳುವುದು ಸಹಜವಾಗಿಬಿಡುತ್ತದೆ. ಶಿಕ್ಷಣ ಸಂಶೋಧಕಿ ಜೂಡಿತ್ ವಾರೆನ್ ಲಿಟ್ಲ್ 1990ರಲ್ಲಿ ಶಿಕ್ಷಕರ ಒಡನಾಟವನ್ನು ನಾಲ್ಕು ಬಗೆಯಾಗಿ ಬಿಡಿಸಿ ತೋರಿಸಿದರು: ಅನುಭವ ಹೇಳಿಕೊಳ್ಳುವುದು, ಕೇಳಿದಾಗ ನೆರವಾಗುವುದು, ಸಾಮಗ್ರಿ ಹಂಚಿಕೊಳ್ಳುವುದು, ಮತ್ತು ಹೊಣೆಯನ್ನೇ ಹಂಚಿಕೊಂಡು ಮಾಡುವ ಜಂಟಿ ಕೆಲಸ. ನಮ್ಮ ವಾಟ್ಸ್‌ಆಪ್ ಗುಂಪುಗಳಲ್ಲಿ ಓಡಾಡುವ ಪಾಠ ಯೋಜನೆಯ ಪಿಡಿಎಫ್‌ಗಳು, ಪ್ರಶ್ನೆಪತ್ರಿಕೆಗಳು ಈ ಪೈಕಿ ಮೂರನೆಯ ಬಗೆಗೆ ಸೇರುತ್ತವೆ. ಅವುಗಳಿಂದ ಉಪಯೋಗವಿದೆ, ಸಮಯ ಉಳಿಯುತ್ತದೆ. ಆದರೆ ಇನ್ನೊಬ್ಬರ ಪಾಠ ಯೋಜನೆಯನ್ನು ಇಳಿಸಿಕೊಂಡ ಶಿಕ್ಷಕರಿಗೆ, ಆ ಯೋಜನೆಯಲ್ಲಿ ಮೂರನೆಯ ಚಟುವಟಿಕೆಗಿಂತ ಮೊದಲು ಎರಡನೆಯದು ಏಕೆ ಬಂತು ಎಂಬುದು ತಿಳಿಯುವುದಿಲ್ಲ.

ಜಂಟಿ ಕೆಲಸದ ಅತ್ಯಂತ ಬೆಳೆದ ರೂಪವನ್ನು ಜಪಾನಿನಲ್ಲಿ ಕಾಣಬಹುದು. ಅಲ್ಲಿ ಅದನ್ನು 'ಜುಗ್ಯೋ ಕೆಂಕ್ಯೂ' ಎನ್ನುತ್ತಾರೆ. ಪಾಠದ ಅಧ್ಯಯನ ಎಂದು ನಾವು ಕರೆದುಕೊಳ್ಳಬಹುದು. ಅದರ ಬೇರುಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಮೇಜಿ ಕಾಲದಷ್ಟು ಹಿಂದಕ್ಕೆ ಹೋಗುತ್ತವೆ. 1999ರಲ್ಲಿ ಜೇಮ್ಸ್ ಸ್ಟಿಗ್ಲರ್ ಮತ್ತು ಜೇಮ್ಸ್ ಹೀಬರ್ಟ್, ಜಪಾನ್, ಜರ್ಮನಿ ಮತ್ತು ಅಮೆರಿಕದ ಎಂಟನೆಯ ತರಗತಿಯ ಗಣಿತ ಪಾಠಗಳ ವಿಡಿಯೊಗಳನ್ನು ಹೋಲಿಸಿ ಬರೆದ ಮೇಲೆ ಹೊರಜಗತ್ತು ಅದರತ್ತ ತಿರುಗಿತು. ಕ್ರಮ ಹೀಗಿದೆ. ಶಾಲೆಯ ಶಿಕ್ಷಕರ ಗುಂಪು ಮಕ್ಕಳಿಗೆ ಕಷ್ಟವೆನಿಸುವ ಒಂದು ವಿಷಯವನ್ನು ಆರಿಸಿಕೊಳ್ಳುತ್ತದೆ. ಪಠ್ಯಪುಸ್ತಕಗಳನ್ನು ಅಭ್ಯಾಸ ಮಾಡಿ ಒಂದೇ ಒಂದು ಪಾಠವನ್ನು ವಾರಗಟ್ಟಲೆ ಕೂಡಿ ಯೋಜಿಸುತ್ತದೆ. ಯಾವ ಪ್ರಶ್ನೆ ಕೇಳಬೇಕು, ಅದಕ್ಕೆ ಮಕ್ಕಳು ಯಾವ ಯಾವ ಉತ್ತರ ಕೊಡಬಹುದು, ತಪ್ಪು ಉತ್ತರ ಬಂದರೆ ಮುಂದೇನು, ಕಪ್ಪುಹಲಗೆಯ ಮೇಲೆ ಯಾವುದು ಎಲ್ಲಿ ಉಳಿಯಬೇಕು ಎಂಬುದನ್ನೆಲ್ಲ ಮುಂಚೆಯೇ ಚರ್ಚಿಸುತ್ತದೆ. ಬಳಿಕ ಒಬ್ಬರು ಪಾಠ ಮಾಡುತ್ತಾರೆ, ಉಳಿದವರು ಗೋಡೆಗುಂಟ ನಿಂತು ನೋಡುತ್ತಾರೆ. ನೋಡುವುದು ಪಾಠ ಮಾಡುವವರನ್ನಲ್ಲ, ಮಕ್ಕಳನ್ನು. ಯಾವ ಮಗು ಎಲ್ಲಿ ನಿಂತಿತು, ಏನನ್ನು ಬರೆದು ಅಳಿಸಿತು, ಪಕ್ಕದ ಮಗುವಿಗೆ ಏನು ಹೇಳಿತು ಎಂದು ಟಿಪ್ಪಣಿ ಮಾಡಿಕೊಳ್ಳುತ್ತಾರೆ. ಅದೇ ದಿನ ಎಲ್ಲರೂ ಕುಳಿತು ಆ ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಮಾತನಾಡುತ್ತಾರೆ. ಪಾಠ ಎಲ್ಲರೂ ಸೇರಿ ಕಟ್ಟಿದ್ದು, ಆದ್ದರಿಂದ ಅದು ಸೋತರೆ ಎಲ್ಲರದೂ ಸೋಲು. ಪಾಠ ಮಾಡಿದವರು ಕಟಕಟೆಯಲ್ಲಿ ನಿಲ್ಲಬೇಕಾಗುವುದಿಲ್ಲ. ನಮ್ಮಲ್ಲಿ ಮಾದರಿ ಪಾಠ ಎಂದು ನಡೆಯುವುದಕ್ಕೂ ಇದಕ್ಕೂ ಇರುವ ದೊಡ್ಡ ಅಂತರ ಇದು. ಮಾದರಿ ಪಾಠದಲ್ಲಿ ಒಬ್ಬರು ತಮ್ಮ ಅತ್ಯುತ್ತಮವಾದದ್ದನ್ನು ತೋರಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ ಅಥವಾ ಕುಂದು ಹುಡುಕುತ್ತಾರೆ.

ಆದರೆ ಈ ಕ್ರಮವನ್ನು ಹಾಗೆಯೇ ತಂದು ನೆಟ್ಟರೆ ಫಲ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ 181 ಶಾಲೆಗಳಲ್ಲಿ ಪಾಠ ಅಧ್ಯಯನದ ಒಂದು ರೂಪವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಪ್ರಾಥಮಿಕ ಹಂತದ ಕೊನೆಯಲ್ಲಿ ಮಕ್ಕಳ ಗಣಿತ ಮತ್ತು ಓದಿನ ಸಾಧನೆ ಅದರಿಂದ ಹೆಚ್ಚಿತು ಎಂಬುದಕ್ಕೆ ಆಧಾರ ಸಿಗಲಿಲ್ಲ. ಹೋಲಿಕೆಗೆಂದು ಇಟ್ಟುಕೊಂಡಿದ್ದ ಕೆಲವು ಶಾಲೆಗಳಲ್ಲೂ ಇಂಥದೇ ಚಟುವಟಿಕೆ ನಡೆಯುತ್ತಿತ್ತು ಎಂಬುದು ನಿಜ. ಆದರೂ ಸಹಯೋಗವನ್ನು ಬಲವಾಗಿ ನಂಬುವ ನನ್ನಂಥವರು ಈ ಫಲಿತಾಂಶವನ್ನು ಬದಿಗೆ ಸರಿಸಬಾರದು. ಕ್ರಮದ ಹೊರರೂಪ ಬಂದ ಮಾತ್ರಕ್ಕೆ ಅದರ ಒಳಗಿನ ಅಭ್ಯಾಸ ಬರುವುದಿಲ್ಲ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಜಪಾನಿನ ಶಿಕ್ಷಕರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನು ಎರಡು ವರ್ಷಗಳ ಯೋಜನೆಯೊಳಗೆ ಹಿಡಿಸಲಾಗದು.

ಇದನ್ನು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಕಾರ್ಡು, ಹಾಡು, ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ನಮ್ಮ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ಒಂದು ಗುಂಪು ಯುನಿಸೆಫ್ ನೆರವಿನೊಂದಿಗೆ ಆಂಧ್ರದ ಋಷಿ ಕಣಿವೆಯ (ರಿಷಿ ವ್ಯಾಲಿ) ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಒಪ್ಪುವ ಕಲಿಕಾ ಕಾರ್ಡುಗಳನ್ನು ಒಟ್ಟಿಗೆ ಕುಳಿತು ಬರೆಯತೊಡಗಿತು. ಪಠ್ಯವನ್ನು ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ಒಡೆಯುವುದು, ಅವನ್ನು ಕಲಿಕಾ ಏಣಿಯಲ್ಲಿ ಜೋಡಿಸುವುದು, ಶಿಕ್ಷಕರ ನೆರವು ಪೂರ್ತಿ ಬೇಕಾದ ಮಕ್ಕಳಿಂದ ಹಿಡಿದು ಸ್ವಕಲಿಕೆಯ ಮಕ್ಕಳವರೆಗೆ ಐದು 'ತಟ್ಟೆ'ಗಳಲ್ಲಿ, ಅಂದರೆ ಗುಂಪುಗಳಲ್ಲಿ, ಕೂಡಿಸುವುದು, ಪ್ರಗತಿ ನೋಟದಲ್ಲಿ ಗುರುತಿಸುವುದು, ಇವುಗಳ ಹಿಂದೆ ಏಕೋಪಾಧ್ಯಾಯ, ದ್ವಿಉಪಾಧ್ಯಾಯ ಶಾಲೆಗಳಲ್ಲಿ ದುಡಿದವರ ಅನುಭವವಿತ್ತು. ಯಾವ ಅಕ್ಷರ ಮೊದಲು ಬರಬೇಕು, ಯಾವ ಹಾಡು ಯಾವ ಮೈಲಿಗಲ್ಲಿಗೆ ಹೊಂದುತ್ತದೆ ಎಂಬಂಥ ಪ್ರಶ್ನೆಗಳನ್ನು ತರಗತಿಯಲ್ಲಿ ಪ್ರಯೋಗಿಸಿ, ಮರಳಿ ಬಂದು ಚರ್ಚಿಸಿ, ಕಾರ್ಡು ತಿದ್ದುತ್ತ ಹೋದಾಗ ಆ ಶಿಕ್ಷಕರು ಕಲಿತದ್ದು ಯಾವ ತರಬೇತಿ ಶಿಬಿರದಲ್ಲೂ ಸಿಗುವಂಥದ್ದಲ್ಲ.

2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಸರ್ಕಾರಿ ವ್ಯವಸ್ಥೆಯೊಳಗಿಂದ, ಶಿಕ್ಷಕರ ಕೈಯಿಂದ ಹುಟ್ಟಿದ ಒಂದು ಕೆಲಸ ಇಡೀ ನಾಡನ್ನು ತಲುಪಿದ್ದು ಹೆಮ್ಮೆಯ ಸಂಗತಿ. ಆದರೆ ವಿಸ್ತರಣೆಯಲ್ಲಿ ಏನು ತಲುಪಿತು, ಏನು ಉಳಿದುಹೋಯಿತು ಎಂದು ನೋಡಬೇಕು. ಕಾರ್ಡುಗಳು ತಲುಪಿದವು, ಏಣಿ ತಲುಪಿತು, ಮಕ್ಕಳ ಕೆಲಸಗಳನ್ನು ತೂಗುಹಾಕುವ ಚಪ್ಪರ ತಲುಪಿತು. ಕಾರ್ಡು ಬರೆಯುವಾಗ ನಡೆದ ವಾದ, ಚರ್ಚೆ, ತಿದ್ದುವಿಕೆ ತಲುಪಲಿಲ್ಲ, ಪೆಟ್ಟಿಗೆಯಲ್ಲಿ ಹಾಕಿ ಕಳಿಸುವಂಥದ್ದೂ ಅದಲ್ಲ. ಕಾರ್ಡು ಬರೆದವರಿಗೆ ಅದು ಏಕೆ ಹಾಗಿದೆ ಎಂದು ಗೊತ್ತಿತ್ತು. ಮಗು ಒಂದು ಮೈಲಿಗಲ್ಲಿನಲ್ಲಿ ಸಿಕ್ಕಿಕೊಂಡಾಗ ಅದನ್ನು ಬದಲಿಸುವ ಧೈರ್ಯವೂ ಇತ್ತು. ಕಾರ್ಡನ್ನು ಕೈಗೆ ಪಡೆದವರಲ್ಲಿ ಅನೇಕರಿಗೆ ಅದನ್ನು ಹೇಗೆ ಬಳಸಬೇಕು ಎಂಬುದಷ್ಟೇ ತಿಳಿಯಿತು. ನಲಿ-ಕಲಿ ಜೀವಂತವಾಗಿರುವ ಶಾಲೆಗಳಲ್ಲಿ, ಆ ಶಿಕ್ಷಕರು ಕಾರ್ಡಿನ ಬಗ್ಗೆ ಇನ್ನೊಬ್ಬರೊಂದಿಗೆ ಇಂದಿಗೂ ಮಾತನಾಡುತ್ತಾರೆ. ವ್ಯತ್ಯಾಸಕ್ಕೆ ಮುಖ್ಯ ಕಾರಣ ಅದೇ ಎಂದು ನನ್ನ ನಂಬಿಕೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಬರುತ್ತದೆ. ಶಾಲೆಯಲ್ಲಿ ಇರುವುದೇ ಒಬ್ಬ ಶಿಕ್ಷಕರಾದರೆ ಯಾರೊಂದಿಗೆ ಸಹಯೋಗ? 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುವಂತೆ 2016-17ರಲ್ಲಿ ದೇಶದಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿದ್ದವು. ಇಂಥ ಶಾಲೆಗಳ ಒಂಟಿತನವನ್ನು ಕಳೆಯಲು ಸುತ್ತಲಿನ ಶಾಲೆಗಳನ್ನು ಒಂದು ಸಂಕೀರ್ಣವಾಗಿ ಜೋಡಿಸಬೇಕೆಂಬ ಸಲಹೆಯನ್ನು 1964-66ರ ಕೊಠಾರಿ ಆಯೋಗವೇ ನೀಡಿತ್ತು. ನಮ್ಮ ಕ್ಲಸ್ಟರ್ ಕೇಂದ್ರಗಳ ಹಿಂದೆಯೂ ಇದೇ ಆಶಯವಿದೆ. ಕ್ಲಸ್ಟರ್ ಸಭೆ ಇಂಥ ಶಿಕ್ಷಕರಿಗೆ ಸಹೋದ್ಯೋಗಿಗಳು ಸಿಗುವ ಏಕೈಕ ಜಾಗ. ಆ ಸಭೆಯ ಬಹುಭಾಗ ಸುತ್ತೋಲೆ ಓದುವುದರಲ್ಲಿ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ಮಾಹಿತಿ ಬಾಕಿ ಇರುವ ಶಾಲೆಗಳ ಹೆಸರು ಕರೆಯುವುದರಲ್ಲಿ ಕಳೆದುಹೋದಾಗ, ನಷ್ಟವಾಗುವುದು ಒಂದು ಮಧ್ಯಾಹ್ನ ಮಾತ್ರವಲ್ಲ, ಆ ಶಿಕ್ಷಕರಿಗೆ ತಿಂಗಳಿಡೀ ಇದ್ದ ಒಂದೇ ಅವಕಾಶ. 2010ರ ದಶಕದ ಆರಂಭದ ವರ್ಷಗಳಲ್ಲಿ ಪ್ರೌಢಶಾಲಾ ಗಣಿತ, ವಿಜ್ಞಾನ ಶಿಕ್ಷಕರಿಗಾಗಿ ರಾಜ್ಯದಲ್ಲಿ ರೂಪುಗೊಂಡ ವಿಷಯ ಶಿಕ್ಷಕರ ವೇದಿಕೆ, ದೂರದ ಶಿಕ್ಷಕರನ್ನು ಅಂತರ್ಜಾಲದ ಮೂಲಕ ಹೇಗೆ ಬೆಸೆಯಬಹುದು ಎಂಬುದನ್ನು ತೋರಿಸಿತು. ಅದು ಕ್ಲಸ್ಟರಿಗೆ ಪೂರಕವಾಗಬಲ್ಲದು, ಬದಲಿಯಾಗಲಾರದು.

ಎರಡನೆಯ ಆಕ್ಷೇಪ ಸಮಯದ್ದು, ಅದೂ ನ್ಯಾಯವಾದದ್ದೇ. ಬಿಸಿಯೂಟ, ಹಾಲು, ಮೊಟ್ಟೆ, ದಾಖಲಾತಿ, ಚುನಾವಣೆ, ಗಣತಿ, ಇವೆಲ್ಲದರ ನಡುವೆ ಕೂಡಿ ಕೂರುವುದು ಯಾವಾಗ? ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಿಕ್ಷಕರ ವಾರದ 45 ಗಂಟೆಗಳ ಕೆಲಸದಲ್ಲಿ ಪಾಠದ ಸಿದ್ಧತೆಯ ಸಮಯವನ್ನೂ ಸೇರಿಸಿದೆ. ಸಿದ್ಧತೆಯು ಶಿಕ್ಷಕರು ಮನೆಯಲ್ಲಿ ದೀಪ ಹಚ್ಚಿ ಮಾಡಿಕೊಳ್ಳಬೇಕಾದ ಖಾಸಗಿ ಕೆಲಸವಲ್ಲ, ನೌಕರಿಯ ಭಾಗ ಎಂದು ಕಾನೂನೇ ಒಪ್ಪಿದೆ ಎಂದು ಇದರ ಅರ್ಥ. ಆ ಸಮಯದಲ್ಲಿ ವಾರಕ್ಕೆ ಒಂದು ಅವಧಿಯನ್ನಾದರೂ ಎಲ್ಲರಿಗೂ ಒಟ್ಟಿಗೆ ಸಿಗುವಂತೆ ವೇಳಾಪಟ್ಟಿಯಲ್ಲಿ ಬರೆದಿಡುವುದು ಮುಖ್ಯ ಶಿಕ್ಷಕರಿಂದ ಆಗುವ ಕೆಲಸ. ಬರೆದಿಡದ ಸಮಯವನ್ನು ಬೇರೆ ಯಾವುದಾದರೊಂದು ಕೆಲಸ ನುಂಗಿಯೇ ನುಂಗುತ್ತದೆ.

ಸಮಯಕ್ಕಿಂತ ಕಷ್ಟವಾದದ್ದು ನಂಬಿಕೆ. ನನಗೆ ಈ ಪಾಠ ಮಾಡಲು ಬರುತ್ತಿಲ್ಲ ಎಂದು ಸಹೋದ್ಯೋಗಿಗಳ ಮುಂದೆ ಹೇಳುವುದು ಸುಲಭವಲ್ಲ. ಹೇಳಿದ ಮಾತು ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ತಲುಪುತ್ತದೆ ಎಂಬ ಅಳುಕಿದ್ದರೆ ಯಾರೂ ಹೇಳುವುದಿಲ್ಲ. ಅತಿಥಿ ಶಿಕ್ಷಕರ ಸ್ಥಿತಿ ಇನ್ನೂ ಕಷ್ಟ. ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬವರು ತಮ್ಮ ತೊಡಕನ್ನು ತೆರೆದಿಡುವುದು ಹೇಗೆ? ಷಿಕಾಗೊ ನಗರದ ಶಾಲೆಗಳನ್ನು 1990ರ ದಶಕದುದ್ದಕ್ಕೂ ಗಮನಿಸಿದ ಆಂಥನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್, ವಯಸ್ಕರ ನಡುವೆ ಪರಸ್ಪರ ನಂಬಿಕೆ ಗಟ್ಟಿಯಾಗಿದ್ದ ಶಾಲೆಗಳಲ್ಲಿ ಕಲಿಕೆ ಸುಧಾರಿಸುವ ಸಂಭವ ಎರಡರಲ್ಲಿ ಒಂದು, ನಂಬಿಕೆ ದುರ್ಬಲವಾಗಿದ್ದಲ್ಲಿ ಏಳರಲ್ಲಿ ಒಂದು ಎಂದು ಕಂಡುಕೊಂಡರು. ಶಿಕ್ಷಣ ಸಂಶೋಧಕ ಆಂಡಿ ಹಾರ್ಗ್ರೀವ್ಸ್ ಅವರು ಮೇಲಿನಿಂದ ಹೇರಿದ ಸಹಯೋಗದ ಬಗ್ಗೆ 1990ರ ದಶಕದಲ್ಲೇ ಎಚ್ಚರಿಸಿದ್ದರು. ಆದೇಶದಿಂದ ಸಭೆ ಕರೆಯಬಹುದು, ಮಾತನಾಡಿಸಲಾಗದು. ಅಧಿಕಾರಿಗಳು ಇಲ್ಲಿದ್ದೀರಿ, ಆದ್ದರಿಂದ ಗೌರವಪೂರ್ವಕವಾಗಿ ಕೇಳಿಕೊಳ್ಳುತ್ತೇನೆ: ಸಹೋದ್ಯೋಗಿಗಳು ಪರಸ್ಪರ ತರಗತಿ ನೋಡಿ ಮಾಡಿಕೊಂಡ ಟಿಪ್ಪಣಿಗಳನ್ನು ತಪಾಸಣೆಯ ಕಡತಕ್ಕೆ ಸೇರಿಸಬೇಡಿ. ಆ ಸಭೆಗಳ ಫೋಟೊಗಳನ್ನೂ ನಮೂನೆಗಳನ್ನೂ ಕೇಳಬೇಡಿ. ಕೇಳಿದರೆ ಫೋಟೊಗಳು ಬರುತ್ತವೆ, ಸಭೆಗಳು ನಿಲ್ಲುತ್ತವೆ.

ಮುಂದಿನ ಸಮಾಲೋಚನಾ ಸಭೆಗೆ ಹೊಸ ಯೋಜನೆಯಾಗಲಿ, ಅನುದಾನವಾಗಲಿ ಬೇಕಿಲ್ಲ. ಪ್ರತಿಯೊಬ್ಬ ಶಿಕ್ಷಕರೂ ಮೂವರು ಮಕ್ಕಳ ನೋಟ್‌ಬುಕ್ಕುಗಳನ್ನು ತರಲಿ: ಪಾಠ ಅರ್ಥವಾದ ಒಂದು ಮಗುವಿನದು, ಅರ್ಧ ಅರ್ಥವಾದ ಮಗುವಿನದು, ಅರ್ಥವಾಗದ ಮಗುವಿನದು. ಹೆಸರು ಮುಚ್ಚಿಟ್ಟರೂ ಆಗುತ್ತದೆ. ಸುತ್ತೋಲೆಗಳನ್ನು ಕೊನೆಯ ಹದಿನೈದು ನಿಮಿಷಕ್ಕೆ ಇಟ್ಟುಕೊಂಡು, ಮೊದಲ ಒಂದು ಗಂಟೆ ಒಂದೇ ವಿಷಯದ ನೋಟ್‌ಬುಕ್ಕುಗಳನ್ನು ನೋಡಿ, ಈ ಮಗು ಹೀಗೆ ಬರೆಯಲು ಅದರ ಮನಸ್ಸಿನಲ್ಲಿ ಯಾವ ನಿಯಮ ಇದ್ದಿರಬಹುದು ಎಂದು ಮಾತ್ರ ಮಾತನಾಡಿ. ಪರಿಹಾರಕ್ಕೆ ಅವಸರ ಬೇಡ. ಒಂದು ಪಾಠವನ್ನು ಇಬ್ಬರೋ ಮೂವರೋ ಸೇರಿ ಹೊಸದಾಗಿ ಯೋಜಿಸಿ, ತಮ್ಮ ತಮ್ಮ ಶಾಲೆಗಳಲ್ಲಿ ಮಾಡಿ ನೋಡಲಿ. ಅದರ ಮುಂದಿನ ತಿಂಗಳ ಸಭೆಗೆ ಅದೇ ಮಕ್ಕಳ ನೋಟ್‌ಬುಕ್ಕುಗಳು ಮತ್ತೆ ಬರಲಿ, ಮತ್ತು ಸಭೆಯ ಮೊದಲ ಕೆಲಸ ಅವನ್ನು ತೆರೆದು ನೋಡುವುದಾಗಿರಲಿ.